ಖಾರದ ರಾಮೆನ್ ತಿನ್ನಲು ಹೊರಟಿದ್ದೀರಾ? ಖಾರದ ಲೆವೆಲ್ ಆಯ್ಕೆಗೂ ಮೊದಲು ಸೂಪ್ ಯಾವುದೆಂದು ಕೇಳಿ

ಬಡಾವಣೆಯ ಮೂಲೆಯಲ್ಲಿ ಹೊಸ ನೂಡಲ್ಸ್ ಅಂಗಡಿ ತೆರೆದಿದೆ. ಮೆನುವಿನಲ್ಲಿ ‘ಸ್ಪೈಸಿ ರಾಮೆನ್’ ಎಂಬ ಸಾಲು, ಅದರ ಪಕ್ಕದಲ್ಲಿ ಒಂದರಿಂದ ಐದರವರೆಗೆ ಮೆಣಸಿನಕಾಯಿ ಚಿತ್ರ. ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಯಂಥ ನಗರಗಳಲ್ಲಿ ಇಂಥ ಅಂಗಡಿಗಳು ಈಗ ಅಪರೂಪವೇನಲ್ಲ. ಕೊಲ್ಹಾಪುರದ ರಸ್ಸಾ, ಆಂಧ್ರದ ಉಪ್ಪಿನಕಾಯಿ ಜೀರ್ಣಿಸಿಕೊಂಡವರಿಗೆ ಜಪಾನಿನ ಖಾರ ಯಾವ ಲೆಕ್ಕ ಎಂದು ನೇರವಾಗಿ ಐದನೇ ಮೆಣಸಿನಕಾಯಿಗೆ ಬೆರಳಿಡುವವರೂ ಇದ್ದಾರೆ.

ಆದರೆ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಆ ಕೆಂಪು ಎಣ್ಣೆಯ ಕೆಳಗಿರುವ ಸೂಪ್ ಯಾವುದರಿಂದ ಮಾಡಿದ್ದು? ಸಸ್ಯಾಹಾರಿಗಳಿಗೆ ಮತ್ತು ಅಲರ್ಜಿ ಇರುವವರಿಗೆ ಇದು ಬಹಳ ಮುಖ್ಯ.

ಏನಿದು ರಾಮೆನ್?

ರಾಮೆನ್ ಜಪಾನಿನ ಖಾದ್ಯವಾದರೂ ಇದರ ಬೇರು ಇರುವುದು ಚೀನಾದ ಗೋಧಿ ನೂಡಲ್ಸ್‌ನಲ್ಲಿ. 1910ರಲ್ಲಿ ಟೋಕಿಯೊದ ಅಸಾಕುಸಾದಲ್ಲಿ ಆರಂಭವಾದ ರೈರೈಕೆನ್ ಅನ್ನು ಜಪಾನಿನ ಮೊದಲ ರಾಮೆನ್ ಅಂಗಡಿಗಳಲ್ಲಿ ಒಂದೆಂದು ಗುರುತಿಸಲಾಗುತ್ತದೆ. 1958ರಲ್ಲಿ ಮೊಮೊಫುಕು ಆಂಡೊ ಇನ್‌ಸ್ಟಂಟ್ ರಾಮೆನ್ ಮಾರುಕಟ್ಟೆಗೆ ತಂದರು. ಇಂದು ನಮ್ಮ ಅಡುಗೆಮನೆಗಳಲ್ಲಿರುವ ಪ್ಯಾಕೆಟ್ ನೂಡಲ್ಸ್‌ಗೆ ಅದೇ ನಾಂದಿ.

ಅಂಗಡಿಯ ರಾಮೆನ್‌ನಲ್ಲಿ ಸಾಮಾನ್ಯವಾಗಿ ಐದು ಭಾಗಗಳಿರುತ್ತವೆ: ನೂಡಲ್ಸ್, ಸೂಪ್, ಉಪ್ಪಿನ ರುಚಿ ಕೊಡುವ ‘ತಾರೆ’ ಎಂಬ ಸಾಸ್, ಪರಿಮಳದ ಎಣ್ಣೆ ಮತ್ತು ಮೇಲೆ ಜೋಡಿಸುವ ಪದಾರ್ಥಗಳು. ನೂಡಲ್ಸ್‌ಗೆ ಹಳದಿ ಬಣ್ಣ ಮತ್ತು ಜಗಿಯುವ ಗುಣ ಬರುವುದು ಹಿಟ್ಟಿಗೆ ಬೆರೆಸುವ ‘ಕನ್ಸುಯಿ’ಯಿಂದ. ಹಪ್ಪಳದ ಹಿಟ್ಟಿಗೆ ಹಾಕುವ ಪಾಪಡ್ ಖಾರ್‌ನಂತೆ ಇದೂ ಕ್ಷಾರ ಗುಣದ್ದು.

ತರಕಾರಿ ಕಂಡರೆ ವೆಜ್ ಎನ್ನುವಂತಿಲ್ಲ

ಅಸಲಿ ವಿಷಯ ಇರುವುದು ಸೂಪ್‌ನಲ್ಲಿ. ಫುಕುವೊಕಾ ಭಾಗದ ಪ್ರಸಿದ್ಧ ‘ತೊಂಕೊತ್ಸು’ ಸೂಪ್ ಅನ್ನು ಹಂದಿ ಮೂಳೆಯನ್ನು ಗಂಟೆಗಟ್ಟಲೆ ಕುದಿಸಿ ತಯಾರಿಸುತ್ತಾರೆ. ಕೋಳಿಯ ಸೂಪ್ ಕೂಡ ಸಾಮಾನ್ಯ. ‘ದಾಶಿ’ ಎಂಬ ತಿಳಿಸಾರಿನಲ್ಲಿ ಒಣಗಿಸಿದ ಮೀನು ಇರುವುದೇ ಹೆಚ್ಚು. ಹಾಗಾಗಿ ಮೇಲೆ ಅಣಬೆ, ಜೋಳ, ಈರುಳ್ಳಿ ಸೊಪ್ಪು ಮಾತ್ರ ಕಂಡರೂ ಕೆಳಗಿನ ಸೂಪ್ ಮಾಂಸ ಅಥವಾ ಮೀನಿನದ್ದಾಗಿರಬಹುದು. ಸೋಯಾದಿಂದ ಮಾಡುವ ಮಿಸೊ ಹಾಕಿದ ರಾಮೆನ್‌ಗೂ ಈ ಮಾತು ಅನ್ವಯಿಸುತ್ತದೆ.

ಪೂರ್ತಿ ಸಸ್ಯಾಹಾರಿ ರಾಮೆನ್ ಸಾಧ್ಯವೇ ಇಲ್ಲ ಎಂದೇನಿಲ್ಲ. ಕೊಂಬು ಎಂಬ ಸಮುದ್ರ ಪಾಚಿ ಮತ್ತು ಒಣ ಶಿಟಾಕೆ ಅಣಬೆಯಿಂದಲೂ ರುಚಿಯಾದ ಸೂಪ್ ತಯಾರಾಗುತ್ತದೆ. ಅಂಗಡಿಯವರು ಅದನ್ನೇ ಬಳಸುತ್ತಾರಾ ಎಂದು ಕೇಳಿ ಖಚಿತಪಡಿಸಿಕೊಳ್ಳಬೇಕು.

ಭಾರತದಲ್ಲಿ 10 ಅಥವಾ ಅದಕ್ಕಿಂತ ಹೆಚ್ಚು ಕಡೆ ಶಾಖೆಗಳಿರುವ ಇಲ್ಲವೇ ಕೇಂದ್ರ ಪರವಾನಗಿ ಪಡೆದ ಹೋಟೆಲ್‌ಗಳು ಮೆನುವಿನಲ್ಲಿ ಕ್ಯಾಲರಿ ಜತೆಗೆ ಅಲರ್ಜಿ ಉಂಟುಮಾಡುವ ಪದಾರ್ಥಗಳ ಮಾಹಿತಿಯನ್ನೂ ಕೊಡಬೇಕು ಎಂಬ ನಿಯಮವಿದೆ. ಒಂದೇ ಶಾಖೆಯ ಸಣ್ಣ ಅಂಗಡಿಯಲ್ಲಿ ಆ ಮಾಹಿತಿ ಇಲ್ಲದಿರಬಹುದು. ರಾಮೆನ್‌ನಲ್ಲಿ ಗೋಧಿ, ಸೋಯಾ, ಎಳ್ಳು, ಮೊಟ್ಟೆ, ಮೀನು ಎಲ್ಲವೂ ಒಂದೇ ಬಟ್ಟಲಲ್ಲಿ ಸೇರುವ ಸಾಧ್ಯತೆ ಇರುವುದರಿಂದ ಅಲರ್ಜಿ ಇರುವವರು ಕೇಳದೆ ತಿನ್ನಬಾರದು.

ಖಾರ ಬರುವುದು ಎಲ್ಲಿಂದ?

ಹೆಚ್ಚಿನ ಕಡೆ ಖಾರ ಬರುವುದು ಮೆಣಸಿನ ಎಣ್ಣೆ ಅಥವಾ ಮೆಣಸಿನ ಪೇಸ್ಟ್‌ನಿಂದ. ಜನಪ್ರಿಯವಾದ ‘ತಂತಾನ್‌ಮೆನ್’ ಚೀನಾದ ಸಿಚುವಾನ್‌ನ ದಾನ್ ದಾನ್ ನೂಡಲ್ಸ್‌ನ ಜಪಾನಿ ರೂಪ. ಎಳ್ಳಿನ ಪೇಸ್ಟ್, ಮೆಣಸಿನ ಎಣ್ಣೆ ಮತ್ತು ಕೊಚ್ಚಿದ ಮಾಂಸ ಇದರಲ್ಲಿರುತ್ತವೆ.

ಬಣ್ಣ ನೋಡಿ ಖಾರ ಅಳೆಯುವಂತಿಲ್ಲ. ಬ್ಯಾಡಗಿ ಮೆಣಸಿನಕಾಯಿ ಕಡು ಕೆಂಪಾಗಿದ್ದರೂ ಖಾರ ಕಡಿಮೆ ಎಂಬುದು ಕನ್ನಡಿಗರಿಗೆ ಹೇಳಿಕೊಡಬೇಕಿಲ್ಲ. ಲೆವೆಲ್‌ಗಳಿಗೂ ಸಾಮಾನ್ಯ ಅಳತೆಗೋಲು ಇಲ್ಲ. ಒಂದು ಅಂಗಡಿಯ ಮೂರನೇ ಲೆವೆಲ್ ಇನ್ನೊಂದು ಅಂಗಡಿಯ ಐದನೆಯದಕ್ಕಿಂತ ಖಾರವಾಗಿರಬಹುದು.

ಬಾಯಿ ಉರಿಯುವುದೇಕೆ?

ಮೆಣಸಿನಕಾಯಿಯಲ್ಲಿರುವ ಕ್ಯಾಪ್ಸೈಸಿನ್, ದೇಹದಲ್ಲಿ ಬಿಸಿಯನ್ನು ಗುರುತಿಸುವ ಟಿಆರ್‌ಪಿವಿ1 ಎಂಬ ಗ್ರಾಹಕವನ್ನು ಕೆರಳಿಸುತ್ತದೆ. ಇದನ್ನು ಪತ್ತೆ ಮಾಡಿದ ಡೇವಿಡ್ ಜೂಲಿಯಸ್ 2021ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಹಂಚಿಕೊಂಡರು. ಸುಡುವ ಬಿಸಿಗೂ ಇದೇ ಗ್ರಾಹಕ ಸ್ಪಂದಿಸುತ್ತದೆ. ಹಾಗಾಗಿ ಕುದಿಯುವ ಸೂಪ್‌ನಲ್ಲಿ ಅದೇ ಖಾರ ಇನ್ನಷ್ಟು ಚುರುಕಾಗಿ ತಟ್ಟುತ್ತದೆ. ಕ್ಯಾಪ್ಸೈಸಿನ್ ನೀರಿನಲ್ಲಿ ಸರಿಯಾಗಿ ಕರಗದ ಕಾರಣ ತಣ್ಣೀರು ಕುಡಿದರೆ ಹೆಚ್ಚು ಉಪಯೋಗವಿಲ್ಲ. ಹಾಲು, ಮೊಸರು ಮೇಲು.

ಅತಿ ಖಾರವನ್ನು ಕೆಲವು ದೇಶಗಳು ಗಂಭೀರವಾಗಿಯೇ ಪರಿಗಣಿಸಿವೆ. 2024ರ ಜೂನ್‌ನಲ್ಲಿ ಡೆನ್ಮಾರ್ಕ್‌ನ ಆಹಾರ ಇಲಾಖೆ ದಕ್ಷಿಣ ಕೊರಿಯಾದ ಸಮ್ಯಾಂಗ್ ಕಂಪನಿಯ ಮೂರು ಬಗೆಯ ಇನ್‌ಸ್ಟಂಟ್ ನೂಡಲ್ಸ್ ಹಿಂಪಡೆಯಲು ಸೂಚಿಸಿತ್ತು. ಅದರಲ್ಲಿನ ಕ್ಯಾಪ್ಸೈಸಿನ್ ಪ್ರಮಾಣ ಅಪಾಯಕಾರಿ ಎಂಬುದು ಕಾರಣ. ಮರು ಪರಿಶೀಲನೆಯ ನಂತರ ಎರಡಕ್ಕೆ ಮತ್ತೆ ಅನುಮತಿ ಸಿಕ್ಕಿತು.

ಆರ್ಡರ್ ಮಾಡುವ ಮುನ್ನ ನೆನಪಿಡಿ

* ‘ವೆಜ್ ಇದೆಯಾ?’ ಎನ್ನುವ ಬದಲು ‘ಸೂಪ್, ಸಾಸ್, ಎಣ್ಣೆಯಲ್ಲಿ ಮಾಂಸ, ಮೀನು ಇದೆಯಾ?’ ಎಂದು ಕೇಳಿ.
* ಮೊದಲ ಸಲ ಕಡಿಮೆ ಲೆವೆಲ್ ಆರಿಸಿ, ಮೆಣಸಿನ ಎಣ್ಣೆಯನ್ನು ಬೇರೆಯಾಗಿ ಕೊಡಲು ಹೇಳಿ. ಖಾರ ಸೇರಿಸುವುದು ಸುಲಭ, ತೆಗೆಯುವುದು ಕಷ್ಟ.
* ಎಣ್ಣೆ ಮೇಲೆ ತೇಲುವುದರಿಂದ ಮೊದಲ ಗುಟುಕೇ ಹೆಚ್ಚು ಖಾರ. ಚೆನ್ನಾಗಿ ಕಲಸಿ, ಸ್ವಲ್ಪ ಆರಿಸಿ ಕುಡಿಯಿರಿ.
* ಅಸಿಡಿಟಿ, ಹೊಟ್ಟೆ ಹುಣ್ಣು ಇರುವವರು ಮತ್ತು ಚಿಕ್ಕ ಮಕ್ಕಳು ಅತಿ ಖಾರದ ಚಾಲೆಂಜ್‌ಗಳಿಂದ ದೂರವಿರುವುದು ಒಳ್ಳೆಯದು.
* ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸೂಪ್ ಪೂರ್ತಿ ಕುಡಿದರೆ ಒಂದೇ ಬಟ್ಟಲು ಆ ಮಿತಿ ದಾಟಿಸಬಹುದು. ಬಿಪಿ ಇರುವವರು ನೂಡಲ್ಸ್ ತಿಂದು ಸೂಪ್ ಸ್ವಲ್ಪ ಬಿಟ್ಟರೆ ನಷ್ಟವೇನಿಲ್ಲ.

ಸೂಪ್ ಯಾವುದೆಂದು ಕೇಳುವುದಕ್ಕೆ ಸಂಕೋಚ ಬೇಡ. ಅದಕ್ಕೆ ಸ್ಪಷ್ಟ ಉತ್ತರ ಸಿಗದಿದ್ದರೆ ಆ ಬಟ್ಟಲನ್ನು ಬಿಟ್ಟು ಬೇರೆ ಖಾದ್ಯ ನೋಡಿಕೊಳ್ಳುವುದೇ ಕ್ಷೇಮ.