ಪರರ ಮನೆಯಲ್ಲಿದ್ದು ಪರಭಾಷೆ ಕಲಿಯುವುದು

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ ಫ್ರಾನ್ಸ್ ದೇಶದಲ್ಲಿ ಆರು ತಿಂಗಳ ಕಾಲ ಫ್ರೆಂಚ್ ಭಾಷೆಯನ್ನು ಅಭ್ಯಸಿಸುವ ಅವಕಾಶವು ಒದಗಿಬಂದಾಗ, ಯಲಬುರ್ಗಾ ಭಾಗದ ಒಕ್ಕಲುತನದ ಮನೆಯವರಾದ ಆಕೆಯ ತಂದೆ ನನ್ನಲ್ಲಿಗೆ ಬಂದು ಕುಳಿತರು. ಖರ್ಚಿನ ಮಾತನ್ನು ಅವರು ಎತ್ತಲಿಲ್ಲ. ‘ಗುರುತಿಲ್ಲದವರ ಮನ್ಯಾಗ ಹೆಣ್ಣುಮಗಳನ್ನ ಆರು ತಿಂಗಳ ಹೆಂಗ ಬಿಡೂದ್ರಿ ಸರ?’ ಎಂಬುದೊಂದೇ ಅವರ ಪ್ರಶ್ನೆ. ನಾನೂ ಹಿಂದೊಮ್ಮೆ ಲ್ವಾರ್ ನದಿಯ ದಂಡೆಯ ಮೇಲಿರುವ ತೂರ್ ನಗರದಲ್ಲಿ ನಾಲ್ಕು ತಿಂಗಳು ಒಂದು ಕುಟುಂಬದೊಡನಿದ್ದು ಆ ಭಾಷೆಯನ್ನು ಕಲಿತವನು. ಅವರಿಗೆ ಹೇಳಿದುದನ್ನೇ ಈ ಸಂಚಿಕೆಯ ಓದುಗರ ಮುಂದೆಯೂ ಇಡಬಯಸುತ್ತೇನೆ.

ಗುರುತಿಲ್ಲದವರ ಮನೆಯಲ್ಲಿದ್ದು ಓದುವುದು ನಮ್ಮ ಸೀಮೆಗೆ ಹೊಸದೇನೂ ಅಲ್ಲ. ಕೊಪ್ಪಳವು 1948ರವರೆಗೆ ನಿಜಾಮರ ಸಂಸ್ಥಾನದಲ್ಲಿದ್ದಿತು. ಮೇಲಿನ ತರಗತಿಗಳ ಪಾಠವೆಲ್ಲ ಉರ್ದುವಿನಲ್ಲಿ. 1918ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಮಾಧ್ಯಮವೂ ಉರ್ದುವೇ. ಮನೆಯಲ್ಲಿ ಕನ್ನಡವನ್ನಲ್ಲದೆ ಬೇರೊಂದನ್ನು ಕೇಳದ ಹುಡುಗರು ಬುತ್ತಿ ಕಟ್ಟಿಕೊಂಡು ಕಲಬುರ್ಗಿಗೋ ಹೈದರಾಬಾದಿಗೋ ಹೋಗಿ, ದೂರದ ಬಂಧುಗಳ ಇಲ್ಲವೆ ಪರಿಚಯಸ್ಥರ ಮನೆಗಳಲ್ಲಿದ್ದು ಆ ಭಾಷೆಯನ್ನು ವಶಮಾಡಿಕೊಂಡರು. ಯಲಬುರ್ಗಾ ಸೀಮೆಯ ದ್ಯಾಂಪುರದಲ್ಲಿ 1918ರಲ್ಲಿ ಜನಿಸಿದ ಸಿದ್ಧಯ್ಯ ಪುರಾಣಿಕರು ಆ ಉರ್ದು ಮಾಧ್ಯಮದ ಕಾಲದಲ್ಲಿಯೇ ಓದಿ, ಮುಂದೆ ‘ಕಾವ್ಯಾನಂದ’ರೆಂದು ಕನ್ನಡಕ್ಕೆ ದೊರೆತರು. ಪರಭಾಷೆ ಕಲಿತರೆ ಮಗಳು ನಮ್ಮವಳಾಗಿ ಉಳಿಯುವಳೇ ಎಂದು ಶಂಕಿಸುವವರು ಇದನ್ನು ನೆನೆಯಬಹುದು.

ಫ್ರಾನ್ಸಿನಲ್ಲಿ ಈ ಏರ್ಪಾಡು ಹೆಚ್ಚು ಕ್ರಮಬದ್ಧವಾದುದು. ಪರದೇಶದವರಿಗೆ ಫ್ರೆಂಚ್ ಕಲಿಸುವ ಸಂಸ್ಥೆಗಳು ಅಲ್ಲಿ ಬಹಳ ಹಿಂದಿನಿಂದಲೂ ಇವೆ. ತೂರ್ ನಗರದ್ದು 1912ರಲ್ಲಿ, ವಿಶಿ ಎಂಬ ಊರಿನದು 1964ರಲ್ಲಿ ಆರಂಭವಾಯಿತು. ಇಂತಹ ಸಂಸ್ಥೆಗಳು ವಿದ್ಯಾರ್ಥಿಗಳನ್ನು ಇರಿಸಿಕೊಳ್ಳಲೊಪ್ಪಿದ ಮನೆಗಳ ಪಟ್ಟಿಯನ್ನು ಇಟ್ಟಿರುತ್ತವೆ. ವಿದ್ಯಾರ್ಥಿಯು ವಾರಕ್ಕೋ ತಿಂಗಳಿಗೋ ಇಂತಿಷ್ಟೆಂದು ಹಣ ತೆರುತ್ತಾನೆ. ಸಾಮಾನ್ಯವಾಗಿ ಬೆಳಗಿನ ಉಪಾಹಾರ, ರಾತ್ರಿಯ ಊಟಗಳು ಅದರಲ್ಲಿಯೇ ಸೇರಿರುತ್ತವೆ. ನಡುಹಗಲಿನ ಊಟ ಹೊರಗೆ. ಇದು ದಾನವಲ್ಲ, ಹಾಗೆಂದು ಬರಿಯ ವ್ಯಾಪಾರವೂ ಅಲ್ಲ. ಹಣಕ್ಕಾಗಿಯೇ ಮೂರು ನಾಲ್ಕು ಜನರನ್ನು ತುಂಬಿಕೊಳ್ಳುವ ಮನೆಗಳೂ ಇಲ್ಲದಿಲ್ಲ. ಅಂತಹ ಕಡೆ ಹುಡುಗರು ತಮ್ಮತಮ್ಮೊಳಗೆ ಇಂಗ್ಲಿಷಿನಲ್ಲಿ ಮಾತನಾಡಿಕೊಂಡು, ಬಂದ ಕೆಲಸವನ್ನು ಕೆಡಿಸಿಕೊಳ್ಳುತ್ತಾರೆ. ಆದುದರಿಂದ ಮನೆಯಲ್ಲಿ ಇನ್ನೆಷ್ಟು ವಿದ್ಯಾರ್ಥಿಗಳಿದ್ದಾರೆಂಬುದನ್ನು ಸಂಸ್ಥೆಯವರಿಂದ ಮೊದಲೇ ತಿಳಿದುಕೊಳ್ಳಬೇಕು.

ತರಗತಿಯಲ್ಲಿ ಕಲಿಯುವುದಕ್ಕೂ ಮನೆಯಲ್ಲಿ ಕಲಿಯುವುದಕ್ಕೂ ಇರುವ ಅಂತರವನ್ನು ನಾನರಿತದ್ದು ಸ್ನಾನದ ಮನೆಯಿಂದ. ಬೆಳಗಿನ ಐದು ಗಂಟೆಗೆ ಸ್ನಾನ ಮಾಡಿ ಪೂಜೆಗೆ ಕೂಡುವುದು ನನ್ನ ರೂಢಿ. ಅಲ್ಲಿಯ ಅನೇಕ ಮನೆಗಳಲ್ಲಿ ವಿದ್ಯುತ್ತಿನ ದರ ಕಡಿಮೆಯಿರುವ ರಾತ್ರಿಯ ಹೊತ್ತಿನಲ್ಲಿ ಒಂದು ದೊಡ್ಡ ಹಂಡೆಯ ನೀರು ಕಾಯುತ್ತದೆ. ಅದು ತೀರಿದರೆ ಮತ್ತೆ ಮರುದಿನವೇ. ನಾನು ಇದಾವುದನ್ನೂ ಅರಿಯದೆ ಮನಸಾರೆ ಮೀಯುತ್ತಿದ್ದೆ. ಮನೆಯೊಡತಿಯು ಮೂರು ರಾತ್ರಿ ಊಟದ ಹೊತ್ತಿನಲ್ಲಿ ನೀರಿನ ಪ್ರಸ್ತಾಪವನ್ನು ಮಾಡಿದರು. ನಾನು ಮೂರು ರಾತ್ರಿಯೂ ತಲೆಯಾಡಿಸಿದೆ. ‘ಮಾಡಬೇಕು’ ಎನ್ನುವುದರ ಬದಲು ‘ಮಾಡಿದರೆ ಚೆನ್ನಾಗಿರುತ್ತಿತ್ತು’ ಎಂಬರ್ಥದ ಕ್ರಿಯಾರೂಪವನ್ನು ಬಳಸಿ ಆ ಜನರು ಆಕ್ಷೇಪಣೆಯನ್ನು ಹೇಳುತ್ತಾರೆಂಬುದು ನನಗೆ ಹೊಳೆದದ್ದು ನಾಲ್ಕನೆಯ ದಿನ. ಆ ರೂಪವನ್ನು ನಾನು ಪುಸ್ತಕದಲ್ಲಿ ಬಾಯಿಪಾಠ ಮಾಡಿದ್ದೆ. ಅದರ ಅರ್ಥವಾದದ್ದು ಮಾತ್ರ ಅಂದೇ. ಪೇಟೆಗೆ ಹೋಗಿ ಒಂದು ಬಕೆಟನ್ನು ತಂದೆ. ಒಂದು ಬಕೆಟ್ ನೀರಿನಲ್ಲಿ ಸ್ನಾನ ಮುಗಿಯುವುದೆಂಬ ಸಂಗತಿಯು ಆ ಮನೆಯಲ್ಲಿ ಒಂದು ವಾರದ ಚರ್ಚೆಯ ವಿಷಯವಾಯಿತು. ಆ ಚರ್ಚೆಯಲ್ಲಿ ನಾನೇ ಹೆಚ್ಚು ಮಾತನಾಡಿದೆ.

ಅಲ್ಲಿಯ ರಾತ್ರಿಯ ಊಟವು ಎಂಟು ಗಂಟೆಯ ಸುಮಾರಿಗೆ. ಎಲ್ಲರೂ ಒಟ್ಟಿಗೆ ಕುಳಿತು ಒಂದು ತಾಸು ಮಾತನಾಡುತ್ತಾರೆ. ನಿಜವಾದ ಪಾಠಶಾಲೆ ಅದೇ. ನಮ್ಮಲ್ಲಿ ಉಣ್ಣುವಾಗ ಮಾತನಾಡಬಾರದೆಂದು ಹಿರಿಯರು ಗದರಿಸುತ್ತಾರೆ. ಅಲ್ಲಿ ಸುಮ್ಮನಿದ್ದವನಿಗೆ ಮೈಯಲ್ಲಿ ಹುಷಾರಿಲ್ಲವೇನೋ ಎಂದು ಕೇಳುತ್ತಾರೆ. ‘ನೀನು’, ‘ನೀವು’ಗಳ ಭೇದ ಅವರಲ್ಲಿಯೂ ಉಂಟು: ‘ತ್ಯು’ ಮತ್ತು ‘ವು’. ನಾನು ಮನೆಯೊಡತಿಯನ್ನು ‘ವು’ ಎಂದೇ ಕರೆಯುತ್ತಿದ್ದೆ. ಒಂದು ತಿಂಗಳ ಮೇಲೆ, ಇನ್ನು ‘ತ್ಯು’ ಎನ್ನೋಣ ಎಂದು ಆಕೆಯೇ ಅಪ್ಪಣೆಯಿತ್ತರು. ಹಿರಿಯರಿಗೆ ಏಕವಚನವನ್ನು ಬಳಸಲು ನಾಲಗೆ ಏಳಲಿಲ್ಲ. ನಮ್ಮ ಶರಣರು ದೇವರನ್ನೇ ‘ನೀನು’ ಎಂದರಲ್ಲ ಎಂದು ನೆನೆದು ಧೈರ್ಯ ತಂದುಕೊಂಡೆ.

ಕನ್ನಡದ ಅಧ್ಯಾಪಕರಿಗೆ ರುಚಿಸಬಹುದಾದ ಒಂದು ಮಾತು. ಫ್ರೆಂಚಿನಲ್ಲಿ ಬರೆದುದೆಲ್ಲವನ್ನೂ ಉಚ್ಚರಿಸುವುದಿಲ್ಲ. ನಾವು ದಿನವೂ ನುಡಿಯುವ ಬಸ್ ‘ಡಿಪೋ’ ಮೂಲತಃ ಫ್ರೆಂಚ್ ಪದ. ಕೊನೆಯ ‘ಟ’ಕಾರವನ್ನು ಬರೆಯುತ್ತಾರೆ, ನುಡಿಯುವುದಿಲ್ಲ. ಆದರೆ ಸಂಧಿಯನ್ನು ಬಲ್ಲ ಕನ್ನಡಿಗನು ಇಲ್ಲಿ ಎದೆಗುಂದಬೇಕಾಗಿಲ್ಲ. ‘ಊರು’ ಎಂಬುದರ ಮುಂದೆ ‘ಅಲ್ಲಿ’ ಬಂದು ‘ಊರಲ್ಲಿ’ ಆಗುವಾಗ ಸ್ವರವು ಲೋಪವಾಗುವಂತೆ, ಶಾಲೆ ಎಂಬರ್ಥದ ‘ಎಕೋಲ್’ ಪದದ ಹಿಂದೆ ‘ಲಾ’ ಬಂದರೆ ಅದು ‘ಲೆಕೋಲ್’ ಆಗುತ್ತದೆ. ‘ಮನೆಯಲ್ಲಿ’ ಎಂಬಲ್ಲಿ ನಾವು ಯಕಾರವನ್ನು ತರುವಂತೆ, ಅವರು ‘ಅವನಲ್ಲಿ ಇದೆಯೇ’ ಎಂದು ಕೇಳುವಾಗ ‘ಆ’ ಮತ್ತು ‘ಇಲ್’ ಎಂಬೆರಡರ ನಡುವೆ ತಕಾರವನ್ನು ತಂದು ‘ಆತಿಲ್’ ಎನ್ನುತ್ತಾರೆ. ಇದನ್ನು ನಾನು ತರಗತಿಯಲ್ಲಿ ಹೇಳಿದಾಗ ಅಲ್ಲಿಯ ಗುರುಗಳು ನಮ್ಮ ಸಂಧಿಯ ಹೆಸರುಗಳನ್ನು ಬರೆಸಿಕೊಂಡರು. ಕಷ್ಟವಿರುವುದು ಲಿಂಗದಲ್ಲಿ. ಕನ್ನಡದಲ್ಲಿ ಅರ್ಥವನ್ನು ನೋಡಿ ಲಿಂಗ. ಅವರಲ್ಲಿ ಮೇಜು ಸ್ತ್ರೀ, ಪುಸ್ತಕ ಪುರುಷ. ಕಾರಣ ಕೇಳಬಾರದು. ತೊಂಬತ್ತೇಳು ಎನ್ನಲು ‘ನಾಲ್ಕು ಇಪ್ಪತ್ತು ಹತ್ತು ಏಳು’ ಎನ್ನುತ್ತಾರೆ. ಅಂಗಡಿಯಲ್ಲಿ ಚಿಲ್ಲರೆಯನ್ನು ಎಣಿಸುವಾಗ ನಾನು ಕಡೆಯವರೆಗೂ ತಡವರಿಸಿದೆ.

ಇನ್ನು ಆಹಾರ. ಮನೆಯವರು ಒಳ್ಳೆಯವರೇ ಆದರೂ ‘ಸಸ್ಯಾಹಾರಿ’ ಎಂಬ ಒಂದೇ ಪದವನ್ನು ನಂಬಿ ಕೂಡಬಾರದು. ಮೀನನ್ನು ಅದರೊಳಗೆ ಸೇರಿಸುವವರು ಅಲ್ಲಿ ಅನೇಕರು. ಮಾಂಸ, ಮೀನು, ಮೊಟ್ಟೆ ಮೂರನ್ನೂ ಹೆಸರಿಸಿ ಬೇಡವೆಂದು, ಹೊರಡುವ ಮೊದಲೇ ಬರೆದು ಕಳುಹಬೇಕು. ತರಕಾರಿಯ ಸೂಪನ್ನು ಮಾಂಸ ಬೇಯಿಸಿದ ನೀರಿನಲ್ಲಿ ಮಾಡುವುದುಂಟು. ಗಿಣ್ಣನ್ನು, ಅಂದರೆ ಅವರ ಚೀಸನ್ನು, ಅನೇಕ ಬಗೆಗಳಲ್ಲಿ ಎಳೆಗರುವಿನ ಜಠರದಿಂದ ತೆಗೆದ ಹೆಪ್ಪಿನಿಂದ ಮಾಡುತ್ತಾರೆಂಬುದು ನನಗೆ ತಿಳಿದದ್ದು ಎರಡು ತಿಂಗಳು ತಿಂದ ಮೇಲೆ. ಯಾರೂ ಮೋಸ ಮಾಡಿರಲಿಲ್ಲ. ನಾನು ಕೇಳಿರಲಿಲ್ಲ, ಅಷ್ಟೇ. ಕೇಳುವಷ್ಟು ಭಾಷೆ ಬಂದ ದಿನ ಕೇಳಿದೆ. ಮರುದಿನದಿಂದ ಆ ಮಹಾತಾಯಿ ಅಂಗಡಿಯಲ್ಲಿ ಪ್ರತಿಯೊಂದು ಪೊಟ್ಟಣದ ಮೇಲಿನ ಸಣ್ಣಕ್ಷರವನ್ನು ಓದಿಯೇ ತರುತ್ತಿದ್ದರು. ನಮ್ಮೂರಿನ ಜೋಳದ ರೊಟ್ಟಿ ಮಾಡಿ ತೋರಿಸೆಂದು ಆಕೆ ಕೇಳಿದಾಗ ಮಾತ್ರ ನಾನು ನಾಚಿ ತಲೆತಗ್ಗಿಸಬೇಕಾಯಿತು. ಅವ್ವ ಬಡಿದು ಕೊಟ್ಟುದನ್ನು ಉಂಡು ಗೊತ್ತು, ಬಡಿಯಲು ಗೊತ್ತಿರಲಿಲ್ಲ.

ಇದಕ್ಕೆ ತಿರುಗುಮುರುಗಾದ ಚರಿತ್ರೆಯೊಂದು ನಮ್ಮ ನಾಡಿನಲ್ಲಿಯೇ ನಡೆದಿದೆ. 1792ರಲ್ಲಿ ಫ್ರಾನ್ಸಿನಿಂದ ಭಾರತಕ್ಕೆ ಬಂದ ಪಾದ್ರಿ ಅಬೆ ದುಬುವಾ, 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಮೈಸೂರು ಸೀಮೆಯಲ್ಲಿ ನೆಲೆಸಿ, ಇಲ್ಲಿಯ ಜನರ ಉಡುಗೆಯನ್ನುಟ್ಟು, ಅವರ ಊಟವನ್ನುಂಡು, ಅವರ ಮಾತನ್ನು ಕಲಿತು, 1823ರಲ್ಲಿ ಸ್ವದೇಶಕ್ಕೆ ಮರಳಿದರು. ಅವರು ಬಂದ ಉದ್ದೇಶ ಮತಪ್ರಚಾರ. ನಮ್ಮ ಸಮಾಜವನ್ನು ಕುರಿತು ಬರೆದುದೆಲ್ಲವೂ ಒಪ್ಪತಕ್ಕುದಲ್ಲ. ಆದರೆ ಭಾಷೆಯನ್ನು ಅವರು ಕಲಿತ ಬಗೆ ಸರಿಯಾದುದೇ ಆಗಿತ್ತು.

ಹೊರಡುವವರು ಬರಿಗೈಯಲ್ಲಿ ಹೋಗಬಾರದು. 1979ರಿಂದ ಬೆಂಗಳೂರಿನಲ್ಲಿರುವ ಅಲಿಯಾನ್ಸ್ ಫ್ರಾನ್ಸೇಸ್‌ನಲ್ಲಿ ಮೊದಲ ಮೆಟ್ಟಿಲುಗಳನ್ನು ಇಲ್ಲಿಯೇ ಏರಬಹುದು. ಕೊಪ್ಪಳದವರಿಗೆ ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಒಂದು ರಾತ್ರಿಯ ಪಯಣ. ಯುರೋಪಿನಲ್ಲಿ ಭಾಷಾಜ್ಞಾನವನ್ನು ಆರು ಮಟ್ಟಗಳಲ್ಲಿ ಅಳೆಯುತ್ತಾರೆ. ಫ್ರೆಂಚ್ ಮಾಧ್ಯಮದ ಪದವಿ ತರಗತಿಗೆ ಸಾಮಾನ್ಯವಾಗಿ ನಾಲ್ಕನೆಯ ಮಟ್ಟವನ್ನು ಕೇಳುತ್ತಾರೆ. ಎರಡನೆಯ ಮಟ್ಟವನ್ನಾದರೂ ಮುಟ್ಟಿ ಹೋದವರಿಗೆ ಊಟದ ಮೇಜಿನ ಮಾತು ಕಿವಿಗೆ ಹತ್ತುತ್ತದೆ. ಅದಕ್ಕಿಂತ ಮೊದಲೇ ಹೋದವರಿಗೆ ಮೊದಲ ತಿಂಗಳು ವ್ಯರ್ಥ, ಹಣವೂ ವ್ಯರ್ಥ. ಮೂರು ತಿಂಗಳಿಗೆ ಮೀರಿದ ವಾಸಕ್ಕೆ ದೀರ್ಘಾವಧಿಯ ವೀಸಾ ಬೇಕು. ಇರುವ ಮನೆಯ ವಿಳಾಸವನ್ನೂ ಪತ್ರವನ್ನೂ ಅರ್ಜಿಗೆ ಮುಂಚೆಯೇ ತರಿಸಿಕೊಂಡಿರಬೇಕು. ಮನೆ ಹೊಂದಿಕೆಯಾಗದಿದ್ದರೆ ಸಂಸ್ಥೆಯವರಿಗೆ ತಿಳಿಸಿ ಬದಲಿಸಿಕೊಳ್ಳಬಹುದು. ಅದರಲ್ಲಿ ಸಂಕೋಚ ಬೇಡ.

ಇಷ್ಟನ್ನೂ ಕೇಳಿದ ಆ ತಂದೆ ಬಹಳ ಹೊತ್ತು ಮಾತನಾಡಲಿಲ್ಲ. ಬಳಿಕ, ‘ಸರ, ಅಲ್ಲಿ ಮೊಸರ ಸಿಗತೈತ್ರಿ?’ ಎಂದರು. ಸಿಗುತ್ತದೆ, ಆದರೆ ಅಂಗೈಯಗಲದ ಡಬ್ಬಿಯಲ್ಲಿ. ಊಟವೆಲ್ಲ ಮುಗಿದ ಮೇಲೆ, ಸಕ್ಕರೆ ಹಾಕಿಕೊಂಡು ಚಮಚದಿಂದ ತಿನ್ನುತ್ತಾರೆ ಎಂದೆ. ‘ಸಕ್ಕರಿ ಹಾಕ್ಕೊಂಡು?’ ಎಂದು ಅವರು ಮಗಳ ಮುಖವನ್ನು ನೋಡಿದರು. ಆಕೆ ನಗುತ್ತಿದ್ದಳು. ಪಾಸ್‌ಪೋರ್ಟಿನ ಅರ್ಜಿಗೆ ಯಾವ ಯಾವ ಕಾಗದಗಳು ಬೇಕೆಂದು ಅವರು ಆಮೇಲೆ ಕೇಳಿದರು.