ಜಾಲತಾಣಕ್ಕೂ ಒಂದು ಪಹಣಿ

ನಂಜನಗೂಡು ತಾಲ್ಲೂಕಿನ ಹದಿನಾರಿನಲ್ಲಿ ಜಮೀನು ಕೊಳ್ಳುವವರು ಮೊದಲು ನೋಡುವುದು ಪಹಣಿ. ಊರು, ಸರ್ವೆ ನಂಬರ್ ಕೊಟ್ಟರೆ ‘ಭೂಮಿ’ ತಾಣದಲ್ಲಿ ಖಾತೆದಾರರ ಹೆಸರು ಸಿಗುತ್ತದೆ. ಜಾಲತಾಣದ ಹೆಸರಿಗೂ, ಅಂದರೆ ಡೊಮೇನ್‌ಗೂ, ಇಂಥದೇ ದಾಖಲೆಯಿದೆ: ‘ಹೂ ಈಸ್’.

ಇದರ ನಿಯಮಾವಳಿ 1982ರಲ್ಲೇ ಬರಹಕ್ಕಿಳಿಯಿತು. ಹೆಸರು ಟೈಪಿಸಿದರೆ ನೋಂದಣಿಯಾದ ದಿನ, ಅವಧಿ ಮುಗಿಯುವ ದಿನ, ಹೆಸರು ಮಾರಿದ ರಿಜಿಸ್ಟ್ರಾರ್ ಕಂಪನಿ ಕಾಣುತ್ತವೆ. ಮಾಲೀಕರ ಹೆಸರು, ವಿಳಾಸ ಮಾತ್ರ ಈಗ ಬಹುಪಾಲು ಮರೆಯಲ್ಲಿ. 2018ರಲ್ಲಿ ಐರೋಪ್ಯ ಒಕ್ಕೂಟದ ಖಾಸಗಿತನದ ಕಾನೂನು ಜಾರಿಯಾದ ಮೇಲೆ ಪರದೆ ಬಿತ್ತು. ‘ಡಾಟ್ ಕಾಮ್’ನಂಥ ಹೆಸರುಗಳಿಗೆ 2025ರ ಜನವರಿಯಿಂದ ‘ಆರ್‌ಡ್ಯಾಪ್’ ಎಂಬ ಹೊಸ ವ್ಯವಸ್ಥೆಯೇ ಅಧಿಕೃತ.

‘ಡಾಟ್ ಇನ್’ ಹೆಸರುಗಳ ಲೆಕ್ಕ ನಿಕ್ಸಿ ಸಂಸ್ಥೆಯದು. ಕನ್ನಡ ಲಿಪಿಯ ‘ಡಾಟ್ ಭಾರತ’ವೂ ಅದರ ಸುಪರ್ದಿಯಲ್ಲೇ. ‘ಗವ್ ಡಾಟ್ ಇನ್’ ಸರ್ಕಾರಿ ಸಂಸ್ಥೆಗಳಿಗೆ ಮಾತ್ರ.

ನಂಜುಂಡೇಶ್ವರನ ಸೇವೆಗೆ ಹಣ ಕಟ್ಟಿ ಎನ್ನುವ ತಾಣವೊಂದರ ಕೊಂಡಿ ಮೊಬೈಲಿಗೆ ಬಂತೆನ್ನಿ. ಅದು ನೋಂದಣಿಯಾಗಿ ಎರಡೇ ವಾರ ಎಂದು ಈ ದಾಖಲೆಯಲ್ಲಿ ಕಂಡರೆ, ದುಡ್ಡು ಕಳಿಸುವ ಮುನ್ನ ದೇವಸ್ಥಾನದ ಕಚೇರಿಗೊಂದು ಫೋನು ಮಾಡುವುದು ಲೇಸು. ಹಣ ಹೋಗಿಯೇಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಬರೆಸಬಹುದು.