‘ಸ್ಕ್ಯಾನಿಂಗ್’ ಎಂಬ ಒಂದೇ ಮಾತು

ಕಾಸರಗೋಡಿನಿಂದ ಮಂಗಳೂರಿಗೆ ಹೊರಡುವ ಕಾರಿನಲ್ಲಿ ಮುಂದೆ ಕುಳಿತವರು ಬೆಲ್ಟ್ ಬಿಗಿದುಕೊಳ್ಳುತ್ತಾರೆ. ಹಿಂದಿನವರು ಆರಾಮವಾಗಿ ಒರಗಿ ಮಾತಿಗೆ ತೊಡಗುತ್ತಾರೆ. ‘ಹಿಂದಿನವರಿಗೆ ಬೆಲ್ಟ್ ಏಕೆ? ಮುಂದಿನ ಸೀಟೇ ತಡೆಯುತ್ತದಲ್ಲ’ ಎಂಬುದು ಎಲ್ಲೆಡೆ ಕೇಳಿಬರುವ ಅಭಿಪ್ರಾಯ. 2023ರ ಜೂನ್ 5ರಿಂದ ಕೇರಳದ ರಸ್ತೆಗಳಲ್ಲಿ ಎಐ ಕ್ಯಾಮೆರಾಗಳು ದಂಡ ವಿಧಿಸತೊಡಗಿದ ಮೇಲಂತೂ, ಬೆಲ್ಟ್ ಇರುವುದು ಕ್ಯಾಮೆರಾದ ಕಣ್ಣಿಗಾಗಿ ಎಂಬ ಭಾವನೆ ಇನ್ನಷ್ಟು ಬಲಿತಿದೆ.

ಗಂಟೆಗೆ 60 ಕಿ.ಮೀ. ವೇಗದ ಕಾರು ಎಲ್ಲಿಗಾದರೂ ಬಡಿದು ತಟ್ಟನೆ ನಿಂತಾಗ ಒಳಗಿರುವ ದೇಹ ನಿಲ್ಲುವುದಿಲ್ಲ. ಅದೇ ವೇಗದಲ್ಲಿ ಮುಂದಕ್ಕೆ ಧಾವಿಸುತ್ತದೆ. ಸುಮಾರು 14 ಮೀಟರ್ ಎತ್ತರದ ಅಡಕೆ ಮರದ ತುದಿಯಿಂದ ಬಿದ್ದವನು ನೆಲ ಮುಟ್ಟುವಾಗ ಇರುವ ವೇಗವೂ ಅಷ್ಟೇ. ಅಡಕೆ ಮರದಿಂದ ಬೀಳುವುದೆಂದರೇನೆಂದು ಈ ಸೀಮೆಯ ತೋಟದ ಮನೆಗಳಿಗೆ ವಿವರಿಸಬೇಕಾಗಿಲ್ಲ. ಆದರೆ ಕಾರಿನ ಮೆತ್ತನೆಯ ಆಸನದಲ್ಲಿ ಕುಳಿತವರಿಗೆ ತಾವು ಮರದ ತುದಿಯಲ್ಲಿದ್ದೇವೆಂದು ಅನ್ನಿಸುವುದಿಲ್ಲ. 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಜಿಲ್ಲೆಯಲ್ಲಿ ನಡೆದ ಅಪಘಾತದಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ಮಡಿದಾಗ ಅವರು ಕುಳಿತಿದ್ದುದು ಹಿಂದಿನ ಸೀಟಿನಲ್ಲಿ, ಬೆಲ್ಟ್ ಇಲ್ಲದೆ. ಮುಂದಿದ್ದ ಇಬ್ಬರು ಬದುಕುಳಿದರು.

‘ಏರ್‌ಬ್ಯಾಗ್ ಇದೆಯಲ್ಲ’ ಎಂಬುದು ಇದರ ಜತೆಗೇ ಬರುವ ಮಾತು. ಸ್ಟಿಯರಿಂಗಿನ ಮೇಲೆ ಅಚ್ಚಾಗಿರುವ ಎಸ್‌ಆರ್‌ಎಸ್ ಎಂಬ ಮೂರಕ್ಷರವನ್ನು ದಿನವೂ ನೋಡುವವರು ಅದರ ಮೊದಲ ಅಕ್ಷರದ ಅರ್ಥವನ್ನು ಕೇಳುವುದು ಅಪರೂಪ: ‘ಪೂರಕ’. ಯಾವುದಕ್ಕೆ ಪೂರಕ ಎಂದರೆ ಬೆಲ್ಟಿಗೆ. ಕಣ್ಣೆವೆ ಮುಚ್ಚುವುದರೊಳಗೆ ಉಬ್ಬಿ ಬರುವ ಆ ಚೀಲ, ಬೆಲ್ಟ್ ಹಿಡಿದಿಟ್ಟ ದೇಹಕ್ಕೆ ದಿಂಬಾಗುತ್ತದೆ. ಮುಂದಕ್ಕೆ ಎಸೆಯಲ್ಪಟ್ಟ ದೇಹಕ್ಕೆ ಅದೇ ಹೊಡೆತವಾಗಬಹುದು. 1959ರಲ್ಲಿ ವೋಲ್ವೊ ಸಂಸ್ಥೆಯ ನಿಲ್ಸ್ ಬೋಲಿನ್ ರೂಪಿಸಿದ ಮೂರು ಬಿಂದುಗಳ ಬೆಲ್ಟ್ ಇಂದಿಗೂ ಮೊದಲ ರಕ್ಷೆ. ಉಳಿದ ಸಲಕರಣೆಗಳೆಲ್ಲ ಅದನ್ನು ನಂಬಿಕೊಂಡೇ ರೂಪುಗೊಂಡಿವೆ.

ತಲೆಗೆ ಪೆಟ್ಟು ಬಿದ್ದ ಮೇಲೆ ಇನ್ನೊಂದು ಅಭಿಪ್ರಾಯದ ಸರದಿ. ‘ಸ್ಕ್ಯಾನಿಂಗ್ ಮಾಡಿಸಿದಿರಾ?’ ಎಂದು ನೆರೆಹೊರೆ ಕೇಳುತ್ತದೆ. ಬಸುರಿಯ ಹೊಟ್ಟೆಯನ್ನು ನೋಡುವ ಅಲ್ಟ್ರಾಸೌಂಡ್, ತಲೆಯ ಸಿ.ಟಿ., ಎಂ.ಆರ್.ಐ. ಮೂರಕ್ಕೂ ಆಡುಮಾತಿನಲ್ಲಿ ಇದೊಂದೇ ಹೆಸರು. ಹೆಸರು ಒಂದಾದುದರಿಂದ, ಹೆಚ್ಚು ಹಣದ್ದೇ ಹೆಚ್ಚು ಒಳ್ಳೆಯದೆಂಬ ತೀರ್ಮಾನ ಸುಲಭವಾಗುತ್ತದೆ; ‘ಬರೀ ಸಿ.ಟಿ. ಮಾಡಿ ಕಳುಹಿಸಿದರು’ ಎಂಬ ಅಸಮಾಧಾನವೂ ಹುಟ್ಟುತ್ತದೆ. ನಿಜಸ್ಥಿತಿ ಬೇರೆ. 1971ರ ಅಕ್ಟೋಬರ್ 1ರಂದು ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಅವರ ಯಂತ್ರ ಮೊದಲ ಬಾರಿಗೆ ರೋಗಿಯೊಬ್ಬರ ಮಿದುಳನ್ನು ಚಿತ್ರಿಸಿತು. ಆ ಸಿ.ಟಿ. ಎಂಬುದು ಎಕ್ಸ್-ಕಿರಣಗಳನ್ನು ಸುತ್ತಲಿಂದ ಹಾಯಿಸಿ ಗಣಕದ ನೆರವಿನಿಂದ ಕಟ್ಟಿದ ಚಿತ್ರ. ಹೊಸ ರಕ್ತಸ್ರಾವವನ್ನೂ ಬಿರಿದ ಮೂಳೆಯನ್ನೂ ಅದು ಕೆಲವೇ ನಿಮಿಷಗಳಲ್ಲಿ ತೋರಿಸುತ್ತದೆ. ಎಂ.ಆರ್.ಐ. ಅಯಸ್ಕಾಂತದ ಕೆಲಸ, ಮೃದುವಾದ ಅಂಗಾಂಶದ ಸೂಕ್ಷ್ಮಗಳಿಗೆ ಅದು ಮೇಲು, ಆದರೆ ರೋಗಿ ಬಹಳ ಹೊತ್ತು ಅಲುಗದೆ ಮಲಗಬೇಕು. ಅಪಘಾತವಾದ ರಾತ್ರಿ ಅಷ್ಟು ಸಮಯವಿರುವುದಿಲ್ಲ. ಮೊಬೈಲಿನ ವಿಕಿರಣಕ್ಕೆ ಹೆದರಿ ಅದನ್ನು ದಿಂಬಿನಿಂದ ದೂರವಿಡುವವರೇ ವೈದ್ಯರು ಬೇಡವೆಂದರೂ ಇನ್ನೊಂದು ಸಿ.ಟಿ. ಮಾಡಿಸುವಂತೆ ಒತ್ತಾಯಿಸುವುದುಂಟು. ಕಣಗಳನ್ನು ಅಯಾನುಗಳಾಗಿಸುವ ಶಕ್ತಿಯಿರುವ ಕಿರಣ ಸಿ.ಟಿ.ಯದು, ಮೊಬೈಲಿನದಲ್ಲ.

ಕಾಸರಗೋಡಿನವರಿಗೆ ಸಮಯದ ಈ ಲೆಕ್ಕ ಬರಿಯ ಪಾಠವಲ್ಲ. ತಲೆಯ ಶಸ್ತ್ರಚಿಕಿತ್ಸೆಗೆ ಜಿಲ್ಲೆಯ ಜನ ಬಹುಕಾಲದಿಂದ ನೆಚ್ಚಿರುವುದು ಸುಮಾರು 50 ಕಿ.ಮೀ. ದೂರದ ಮಂಗಳೂರನ್ನು. 2020ರ ಮಾರ್ಚ್ ಕೊನೆಯಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಆಂಬುಲೆನ್ಸುಗಳು ಹಿಂದಿರುಗಿದವು. ರೋಗಿಗಳ ದಾರಿಗಾಗಿ ಕೇರಳ ಹೈಕೋರ್ಟೂ ಸುಪ್ರೀಂ ಕೋರ್ಟೂ ವಿಚಾರಣೆ ನಡೆಸಬೇಕಾಯಿತು. ಆ ದಿನಗಳಲ್ಲಿ ಮನೆಮಂದಿ ಕಲಿತ ಒಂದು ಸಂಗತಿಯನ್ನು ಮರೆಯುವಂತಿಲ್ಲ: ತಲೆಗೆ ಪೆಟ್ಟಾದವರು ಎದ್ದು ಕುಳಿತು ಸರಿಯಾಗಿ ಮಾತಾಡಿ, ಕೆಲವು ತಾಸುಗಳ ಬಳಿಕ ಕುಸಿಯಬಹುದು. ಬುರುಡೆಯೊಳಗೆ ರಕ್ತ ಮೆಲ್ಲನೆ ಸೇರುತ್ತಿರುತ್ತದೆ. ವೃದ್ಧರಲ್ಲಿ ಇದು ವಾರಗಳ ನಂತರವೂ ಕಾಣಿಸಿಕೊಳ್ಳುವುದುಂಟು. ಆದ್ದರಿಂದ ‘ಸ್ಕ್ಯಾನಿಂಗಿನಲ್ಲಿ ಏನೂ ಇಲ್ಲ’ ಎಂಬುದು ಆ ಹೊತ್ತಿನ ಉತ್ತರ ಮಾತ್ರ.

ಮಿದುಳಿನ ಯಂತ್ರದ ಮೇಲೆ ಜನರಿಗಿರುವ ನಂಬಿಕೆ ಆಸ್ಪತ್ರೆಯನ್ನು ದಾಟಿದೆ. ಕನ್ನಡದಲ್ಲಿ ‘ತಲೆ ತಿನ್ನಬೇಡ’ ಎನ್ನುತ್ತೇವೆ, ಮರಾಠಿಯಲ್ಲಿ ‘ಡೋಕಂ ಖಾಊ ನಕೋ’. ಎರಡರಲ್ಲೂ ತಲೆಯೆಂದರೆ ಮನಸ್ಸೇ. ತಲೆಯ ಚಿತ್ರ ತೆಗೆದರೆ ಮನಸ್ಸಿನ ಗುಟ್ಟೂ ಸಿಗುತ್ತದೆಂಬ ಊಹೆಗೆ ಈ ನುಡಿಗಟ್ಟುಗಳೇ ಹಾದಿ ಮಾಡಿರಬಹುದು. ಪತ್ರಿಕೆಗಳಲ್ಲಿ ಬರುವ ‘ಬ್ರೈನ್ ಮ್ಯಾಪಿಂಗ್’ ಚಿತ್ರವೇ ಅಲ್ಲ. ನೆತ್ತಿಯ ಮೇಲೆ ಅಂಟಿಸಿದ ತಂತಿಗಳ ಮೂಲಕ ಮಿದುಳಿನ ವಿದ್ಯುತ್ ಏರಿಳಿತವನ್ನು ಅಳೆಯುವ ವಿಧಾನ. ಭಾರತದಲ್ಲಿ ಇದರದೊಂದು ರೂಪವನ್ನು ಬೆಳೆಸಿದವರು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದ್ದ ಸಿ.ಆರ್. ಮುಕುಂದನ್. ಆರೋಪಿಯ ಒಪ್ಪಿಗೆಯಿಲ್ಲದೆ ಇದನ್ನಾಗಲಿ ನಾರ್ಕೋ ಪರೀಕ್ಷೆಯನ್ನಾಗಲಿ ನಡೆಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2010ರ ಮೇ 5ರಂದು ತೀರ್ಪಿತ್ತದ್ದು ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಎಂಬ ಮೊಕದ್ದಮೆಯಲ್ಲಿ. ಯಾರನ್ನೂ ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಒತ್ತಾಯಿಸಬಾರದೆಂಬ ಸಂವಿಧಾನದ 20(3)ನೆಯ ವಿಧಿಯೇ ಅದಕ್ಕೆ ಆಧಾರ.

ಆಸ್ಪತ್ರೆಯ ಬಾಗಿಲಲ್ಲಿ ಮಾತ್ರ ಯಂತ್ರಕ್ಕಿಂತ ಮೊದಲು ಮನೆಯವರೇ ಸಾಕ್ಷಿಗಳು. ಪೆಟ್ಟು ಬಿದ್ದದ್ದು ಎಷ್ಟು ಗಂಟೆಗೆ, ಪ್ರಜ್ಞೆ ತಪ್ಪಿತ್ತೆ, ವಾಂತಿಯಾಯಿತೆ, ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ಸೇವಿಸುತ್ತಿದ್ದಾರೆಯೆ ಎಂದು ವೈದ್ಯರು ಕೇಳುತ್ತಾರೆ. ಸ್ಕ್ಯಾನಿನ ಚೀಟಿಯನ್ನು ಬರೆಯುವುದು ಆ ಉತ್ತರಗಳನ್ನು ಕೇಳಿದ ಮೇಲೆ.